ಸಿಮೆಂಟೋ, ಸುಣ್ಣವೋ? ಒಂದೇ ಗೋಡೆಗೆ ಎರಡನ್ನೂ ಹಾಕಿ ನೋಡಿದೆವು

ಮೊದಲೇ ಹೇಳಿಬಿಡುತ್ತೇನೆ. ಮಣ್ಣಿನ ಗೋಡೆಗೆ ಸುಣ್ಣದ ಗಾರೆಯೇ ಸರಿ. ಬಚ್ಚಲುಮನೆಗೆ ಸಿಮೆಂಟೇ ಸರಿ. ಜಿಪ್ಸಂ ಗಾರೆ ನಮ್ಮ ಮಲೆನಾಡಿನ ಕಡೆಗೆ ಬೇಡವೇ ಬೇಡ. ಬಣ್ಣದ ವಿಷಯ ಇಷ್ಟು ಸಲೀಸಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮದು ಮೂಡಿಗೆರೆ ಕಡೆಯ ಹಳೇ ಮನೆ. ಮುಂದಿನ ಭಾಗ ಅಜ್ಜ ಕಟ್ಟಿಸಿದ್ದು: ದಪ್ಪ ಮಣ್ಣಿನ ಗೋಡೆ, ಅದರ ಮೇಲೆ ಸುಣ್ಣದ ಗಾರೆ, ಮಂಗಳೂರು ಹೆಂಚು, ಕೆಂಪು ನೆಲ. ಹಿಂದಿನ ಅಡುಗೆಮನೆ, ಬಚ್ಚಲು ಅಪ್ಪನ ಕಾಲದ್ದು, ಇಟ್ಟಿಗೆ ಮತ್ತು ಸಿಮೆಂಟಿನದು. ರಿಪೇರಿಗೆ ಕೈ ಹಾಕಿದಾಗ ಮೇಸ್ತ್ರಿ ಒಂದೇ ಮಾತು ಹೇಳಿದರು: "ಎಲ್ಲಾ ಕೆತ್ತಿ ಸಿಮೆಂಟ್ ಸಾರಣೆ ಮಾಡಿ, ಪುಟ್ಟಿ ಎಳೆದುಬಿಡೋಣ ಸಾರ್. ಹೊಸ ಮನೆ ಥರ ಕಾಣುತ್ತೆ." ಅಮ್ಮನದು ಇನ್ನೊಂದು ಮಾತು: "ಸುಣ್ಣದ ಗೋಡೆಗೆ ಸುಣ್ಣಾನೇ ಹಾಕಿಸೋ. ಇಷ್ಟು ವರ್ಷ ನಿಂತಿಲ್ವಾ ಅದು?" ಇಬ್ಬರ ಮಾತೂ ಉಳಿಯಲಿ ಅಂತ ನಡುಮನೆಯ ಪಡುವಣ ಗೋಡೆಯನ್ನೇ ಪಾಲು ಮಾಡಿದೆವು. ಕಿಟಕಿಯ ಎಡಗಡೆ ಸಿಮೆಂಟ್, ಬಲಗಡೆ ಸುಣ್ಣ. ಮುಂಗಾರಿನ ಗಾಳಿ ಮಳೆ ನೇರವಾಗಿ ಹೊಡೆಯುವುದು ಆ ಗೋಡೆಗೇ. ಪರೀಕ್ಷೆಗೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ.

ಆದರೆ ಯಾವ ಗಾರೆ ಅನ್ನುವುದಕ್ಕಿಂತ ಮುಂಚೆ ನೀರು ಎಲ್ಲಿಂದ ಬರುತ್ತಿದೆ ಅಂತ ತಿಳಿಯಬೇಕು. ಇದನ್ನು ಬಿಟ್ಟು ಮುಂದೆ ಹೋದರೆ ಯಾವ ಗಾರೆ ಹಾಕಿಸಿದರೂ ದುಡ್ಡು ದಂಡ. ನಾವು ಮಾಡಿದ್ದು ಇಷ್ಟೇ: ಒಂದು ಮೊಳ ಅಗಲದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಹಿಡಿದು, ನಾಲ್ಕೂ ಅಂಚಿಗೆ ಗಾಳಿ ಆಡದ ಹಾಗೆ ಟೇಪ್ ಅಂಟಿಸಿ, ಒಂದೆರಡು ದಿನ ಬಿಟ್ಟೆವು. ನಡುಮನೆಯಲ್ಲಿ ಹಾಳೆಯ ಹಿಂದೆ, ಅಂದರೆ ಗೋಡೆಯ ಕಡೆಗೆ, ಹನಿ ಕೂತಿತ್ತು. ನೀರು ಗೋಡೆಯ ಒಳಗಿಂದಲೇ ಬರುತ್ತಿದೆ ಅಂತ ಅರ್ಥ. ಮೂಲೆಯ ಕೋಣೆಯಲ್ಲಿ ಮಾತ್ರ ಹನಿ ಹಾಳೆಯ ಮುಂದೆ, ನಮ್ಮ ಕಡೆಗೆ ಇತ್ತು. ಅಲ್ಲಿ ಗೋಡೆಯ ತಪ್ಪೇನೂ ಇಲ್ಲ. ಮಳೆಗಾಲವಿಡೀ ನಾವು ಬಟ್ಟೆ ಒಣಹಾಕುವುದು ಅದೇ ಕೋಣೆಯಲ್ಲಿ. ಆ ತೇವವೇ ತಣ್ಣಗಿನ ಗೋಡೆಗೆ ತಾಗಿ ನೀರಾಗುತ್ತಿತ್ತು. ಅಲ್ಲಿ ಗಾರೆ ಕೆತ್ತುವ ಬದಲು ಕಿಟಕಿಗೆ ಜಾಲರಿ ಹಾಕಿಸಿ ಗಾಳಿ ಆಡಲು ಬಿಟ್ಟೆವು. ಬೂಷ್ಟು ಅರ್ಧಕ್ಕರ್ಧ ಕಡಿಮೆಯಾಯಿತು.

ನಡುಮನೆಯ ನೀರಿಗೆ ಕಾರಣ ಹೊರಗಡೆ ಸಿಕ್ಕಿತು. ವರ್ಷ ವರ್ಷವೂ ಅಂಗಳಕ್ಕೆ ಮಣ್ಣು ಬಿದ್ದು ಬಿದ್ದು, ಹೊರಗಿನ ನೆಲ ಒಳಗಿನ ನೆಲಕ್ಕಿಂತ ಎತ್ತರವಾಗಿತ್ತು. ಜೊತೆಗೆ ಸೂರಿನ ನೀರು ಬುಡಕ್ಕೇ ಬಿದ್ದು ಗೋಡೆಗೆ ಎರಚುತ್ತಿತ್ತು. ಮಣ್ಣು ತೆಗೆಸಿ ಚರಂಡಿ ಮಾಡಿಸಿ, ಸೂರಿಗೆ ನೀರು ಹಿಡಿಯುವ ದೋಣಿ ಹಾಕಿಸಿ, ಒಡೆದ ಹೆಂಚು ಬದಲಾಯಿಸಿದೆವು. ಈ ಕೆಲಸಕ್ಕೆ ಪೇಂಟ್ ಅಂಗಡಿಗೆ ಹೋಗುವ ಅಗತ್ಯವೇ ಇಲ್ಲ, ಅದಕ್ಕೇ ಇರಬೇಕು ಇದನ್ನು ಯಾರೂ ಹೇಳಿಕೊಡುವುದಿಲ್ಲ.

ಇನ್ನು ಹೋಲಿಕೆ. ಸಿಮೆಂಟ್ ಕಡೆಯ ಕೆಲಸ ಬೇಗ ಮುಗಿಯಿತು. ಮಣ್ಣಿನ ಗೋಡೆಗೆ ಸಿಮೆಂಟ್ ತಾನಾಗಿ ಕಚ್ಚುವುದಿಲ್ಲ, ಕೋಳಿ ಜಾಲರಿ ಬಡಿದೇ ಸಾರಣೆ ಮಾಡಬೇಕು. ಒಂದಕ್ಕೆ ಆರರಂತೆ ಮರಳು ಬೆರೆಸಿ ಎಳೆದರು. ವಾರವಿಡೀ ನೀರು ಹಾಕಿ, ನಾಲ್ಕು ವಾರ ಆರಲು ಬಿಟ್ಟು, ಗೋಡೆ ನುಣುಪಾಗಲು ಪುಟ್ಟಿ, ಬಣ್ಣ ಹಿಡಿಯಲು ಪ್ರೈಮರ್, ಮೇಲೆ ಎಮಲ್ಷನ್ ಬಣ್ಣ. ಹೊಸ ಸಿಮೆಂಟಿನಲ್ಲಿ ಕ್ಷಾರ ಜಾಸ್ತಿ. ಆರಲು ಬಿಡದೆ ಬಣ್ಣ ಹೊಡೆದರೆ ಬಣ್ಣ ಸುಟ್ಟು ತೇಪೆ ತೇಪೆಯಾಗುತ್ತದೆ. ಮುಗಿದಾಗ ನೋಡಲು ಬಹಳ ಚೆನ್ನಾಗಿತ್ತು. ಕೈ ಸವರಿದರೆ ಗಾಜಿನ ನುಣುಪು. ಮೇಸ್ತ್ರಿ ಅಮ್ಮನ ಕಡೆ ನೋಡಿ ನಕ್ಕರು.

ಸುಣ್ಣದ ಕಡೆ ತಾಳ್ಮೆ ಬೇಕು. ಸುಟ್ಟ ಸುಣ್ಣವನ್ನು ಡ್ರಮ್ಮಿನಲ್ಲಿ ನೀರಿಗೆ ಹಾಕಿ ಅರಳಿಸಿದೆವು. ಕೊತಕೊತ ಕುದಿಯುತ್ತದೆ, ಮಕ್ಕಳನ್ನು ಹತ್ತಿರ ಬಿಡಬೇಡಿ, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಅದು ಬೆಣ್ಣೆಯಂತೆ ಆಗುವವರೆಗೆ ನೀರಿನಡಿ ಕೂರಬೇಕು. ನಂತರ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಜರಡಿ ಹಿಡಿದ ಮರಳು. ಹಳಬರು ಅಳಲೆಕಾಯಿ ನೆನೆಸಿದ ನೀರು, ಬೆಲ್ಲದ ನೀರು ಸೇರಿಸುತ್ತಿದ್ದರು, ನಾವೂ ಸೇರಿಸಿದೆವು. ಗೋಡೆಗೆ ನೀರು ಚಿಮುಕಿಸಿ ತೆಳ್ಳಗೆ ಒಂದು ಪದರ, ಅದು ಬಿಗಿದ ಮೇಲೆ ಇನ್ನೊಂದು. ಬಿಸಿಲಿಗೆ ಬೇಗ ಒಣಗಿದರೆ ಕೂದಲೆಳೆ ಬಿರುಕು ಬರುತ್ತದೆ, ಅದಕ್ಕೆ ಒದ್ದೆ ಗೋಣಿ ತಾಟು ಇಳಿಬಿಟ್ಟೆವು. ಸುಣ್ಣ ಗಟ್ಟಿಯಾಗುವುದು ಬರೀ ಒಣಗುವುದರಿಂದಲ್ಲ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನಕ್ಕೆ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಅದಕ್ಕೆ ತಿಂಗಳುಗಳೇ ಬೇಕು. ಹಾಗಾಗಿ ಮಳೆ ಹಿಡಿಯುವ ಮೊದಲೇ ಮುಗಿದಿರಬೇಕು. ನಮ್ಮ ಕಡೆ ಡಿಸೆಂಬರ್, ಜನವರಿಯಲ್ಲಿ ಎಲ್ಲರೂ ಕಾಫಿ ಕುಯ್ಲಿಗೆ ಹೋಗಿರುತ್ತಾರೆ, ಆಳು ಸಿಗುವುದಿಲ್ಲ. ಕುಯ್ಲು ಮುಗಿದ ಕೂಡಲೇ ಶುರು ಮಾಡುವುದೊಂದೇ ದಾರಿ. ಇನ್ನು ಸುಣ್ಣದ ಗಾರೆ ಗೊತ್ತಿರುವ ಕೈ ಹುಡುಕುವುದು ದೊಡ್ಡ ತಲೆನೋವು. ನಮಗೆ ಸಿಕ್ಕಿದ್ದು ಬೇಲೂರು ಕಡೆಯ ಒಬ್ಬ ಅಜ್ಜ.

ಜೂನ್ ಕಳೆಯಿತು, ಎರಡೂ ಕಡೆ ಒಂದೇ ಥರ. ಆಗಸ್ಟ್ ಹೊತ್ತಿಗೆ ಬಣ್ಣ ಬಯಲಾಯಿತು. ಚರಂಡಿ ಆಗಿದ್ದರೂ ಅಷ್ಟು ವರ್ಷದ ತೇವ ಗೋಡೆಯೊಳಗೆ ಇನ್ನೂ ಇತ್ತು, ಮೇಲಿಂದ ಮಳೆಯ ಹೊಡೆತ ಬೇರೆ. ಸಿಮೆಂಟ್ ಕಡೆ ಆ ನೀರಿಗೆ ಹೊರಬರಲು ದಾರಿಯಿಲ್ಲ. ಅದು ಮೇಲಕ್ಕೇರಿತು. ಮುಂಚೆ ಮಂಡಿ ಎತ್ತರಕ್ಕಿದ್ದ ತೇವದ ಗೆರೆ ಸೊಂಟಕ್ಕೆ ಬಂತು. ಪುಟ್ಟಿ ಅಲ್ಲಲ್ಲಿ ಉಬ್ಬಿತು. ಉಗುರಿನಿಂದ ಒಂದು ಉಬ್ಬನ್ನು ಬಿಡಿಸಿದೆ: ಎಮಲ್ಷನ್ ರಬ್ಬರಿನ ಹಾಗೆ ಸಿಪ್ಪೆ ಬಂತು, ಅದರ ಹಿಂದೆ ಬೆಳ್ಳಗೆ ಉಪ್ಪು ನವಿರು ನವಿರಾಗಿ ಎದ್ದಿತ್ತು. ಬೆರಳಿಗೆ ತಾಗಿದರೆ ಪುಡಿ. ಬೆರಳ ಗೆಣ್ಣಿನಿಂದ ಬಡಿದರೆ ಆ ಜಾಗದಲ್ಲಿ ಟೊಳ್ಳು ಸದ್ದು. ಗಾರೆ ಮಣ್ಣಿನಿಂದ ಬಿಟ್ಟುಕೊಂಡಿತ್ತು. ನೀರು ಕುಡಿದ ಮಣ್ಣು ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಸಿಮೆಂಟಿಗೆ ಆ ಹಿಗ್ಗು ಕುಗ್ಗು ಇಲ್ಲ. ಜಾಲರಿ ಇದ್ದರೂ ಎಷ್ಟು ದಿನ ಹಿಡಿದೀತು?

ಸುಣ್ಣದ ಕಡೆಯೂ ಮಳೆಯಲ್ಲಿ ಗೋಡೆ ಕಪ್ಪಿಟ್ಟಿತು, ಸುಳ್ಳು ಹೇಳುವುದಿಲ್ಲ. ಆದರೆ ನಾಲ್ಕು ದಿನ ಮಳೆ ಹೊಳವಾದರೆ ತಾನಾಗಿ ಬೆಳ್ಳಗಾಗುತ್ತಿತ್ತು. ಒಂದು ಚಕ್ಕೆ ಎದ್ದಿಲ್ಲ. ಸುಣ್ಣ ನೀರಿಗೆ ಕರಗುತ್ತದೆ ಅನ್ನುವವರು ಗೊರೂರಿನ ಹತ್ತಿರ ಸುಣ್ಣದ ಗಾರೆಯಲ್ಲಿ ಕಟ್ಟಿದ ಶೆಟ್ಟಿಹಳ್ಳಿ ಚರ್ಚ್ ನೋಡಬೇಕು. ಹೇಮಾವತಿ ಹಿನ್ನೀರಿನಲ್ಲಿ ಮುಳುಗಿ ಏಳುತ್ತಾ, ಚಾವಣಿ ಇಲ್ಲದೆ, ದಶಕಗಳಿಂದ ನಿಂತಿದೆ. ಈಚೆಗೆ ಗೋಡೆ ಬೀಳುತ್ತಿದೆ ನಿಜ, ಆದರೆ ನಮ್ಮ ಪುಟ್ಟಿ ಒಂದು ಮಳೆಗಾಲ ತಡೆಯಲಿಲ್ಲ ನೋಡಿ.

ಸುಣ್ಣದ ಕಷ್ಟವೂ ಇದೆ. ಒರಗಿ ಕೂತರೆ ಬೆನ್ನಿಗೆ ಬಿಳಿ ಅಂಟುತ್ತದೆ. ಕೊಳೆಯಾದರೆ ಒರೆಸಲು ಆಗುವುದಿಲ್ಲ, ಮತ್ತೆ ಸುಣ್ಣ ಹೊಡೆಯಬೇಕು. ಸಣ್ಣ ಮಕ್ಕಳಿರುವ ಮನೆಯವರು ಯೋಚಿಸಿ.

ಬಚ್ಚಲು, ಅಡುಗೆಮನೆಯ ಇಟ್ಟಿಗೆ ಗೋಡೆಗೆ ಸಿಮೆಂಟ್, ಮೇಲೆ ಟೈಲ್ಸ್. ಅದರಲ್ಲಿ ಚರ್ಚೆಗೆ ಏನೂ ಇಲ್ಲ, ಚೆನ್ನಾಗಿದೆ. ಮೂಲೆ ಕೋಣೆಯ ಒಂದು ಗೋಡೆಗೆ ಜಿಪ್ಸಂ ಹಾಕಿಸಿ ನೋಡಿದೆವು. ನೀರು ಹಾಕುವ ಕ್ಯೂರಿಂಗ್ ಬೇಡ, ಬೇಗ ಒಣಗುತ್ತದೆ, ನುಣುಪಾಗಿರುತ್ತದೆ. ತೇವ ಸೋಕಿದ ಕಡೆ ಮೆತ್ತಗಾಗಿ ಬಿಟ್ಟುಬಂತು. ಹಾಸನ ಪೇಟೆಯ ಒಣ ಮನೆಗಳಿಗೆ ಆದೀತು.

ಈಗ ಬಣ್ಣ. ಶೇಡ್ ಕಾರ್ಡ್ ನೋಡಿ ಬಣ್ಣ ಆರಿಸುವುದು, ಫೋಟೋ ನೋಡಿ ಹೆಣ್ಣು ಒಪ್ಪಿಕೊಂಡ ಹಾಗೆ. ಗೋಡೆಯ ಮೇಲೆ ಎರಡಡಿ ಚೌಕ ಹೊಡೆದು, ಬೆಳಗ್ಗೆ, ಸಂಜೆ, ದೀಪ ಹಚ್ಚಿದ ಮೇಲೆ ನೋಡಬೇಕು. ನಮ್ಮ ಕಡೆಯಾದರೆ ಮೋಡ ಕವಿದ ದಿನವೂ ನೋಡಬೇಕು. ಇನ್ನೊಂದು ವಿಷಯ: ಎಮಲ್ಷನ್ ಒಣಗಿದ ಮೇಲೆ ತುಸು ಗಾಢವಾಗುತ್ತದೆ. ಸುಣ್ಣ ಇದಕ್ಕೆ ಉಲ್ಟಾ. ಹಸಿಯಲ್ಲಿ ಗೋಡೆ ಕಾಣುವಷ್ಟು ತೆಳ್ಳಗಿರುತ್ತದೆ, ಒಣಗುತ್ತಾ ಬೆಳ್ಳಗಾಗುತ್ತದೆ. ಹಸಿ ನೋಡಿ "ಇನ್ನೊಂಚೂರು ಬಣ್ಣ ಕಮ್ಮಿ ಮಾಡಿ" ಅಂದರೆ ಕೆಟ್ಟಿತು.

ತಂಗಿಗೆ ಬೂದು ಬಣ್ಣದ ಆಸೆ, ಬೆಂಗಳೂರಿನ ಫ್ಲ್ಯಾಟುಗಳಲ್ಲಿ ನೋಡಿ ಬಂದಿದ್ದಳು. ಮೂಲೆ ಕೋಣೆಗೆ ಹೊಡೆಸಿದೆವು. ಬಿಸಿಲಿನಲ್ಲಿ ಸೊಗಸು. ಜುಲೈನಲ್ಲಿ ಹೊರಗೂ ಬೂದು, ಒಳಗೂ ಬೂದು, ಮಧ್ಯಾಹ್ನವೇ ಲೈಟ್ ಹಾಕಬೇಕು. ಅವಳೇ "ಬೇರೆ ಹೊಡೆಸಣ್ಣ" ಅಂದಳು. ಅಚ್ಚ ಬಿಳಿಯೂ ನಾವು ಅಂದುಕೊಂಡ ಹಾಗೆ ಇರಲಿಲ್ಲ. ಕಿಟಕಿಯಾಚೆ ತೋಟ, ಸಿಲ್ವರ್ ಓಕ್, ಮೆಣಸಿನ ಬಳ್ಳಿ. ಹಸಿರು ಬೆಳಕು ಒಳಗೆ ಬಂದು ಬಿಳಿ ಗೋಡೆ ಮಂಕಾಗಿ ಹಸಿರು ತಿರುಗುತ್ತದೆ. ಕೆಳಗಡೆ ಕೆಂಪು ನೆಲದ ಛಾಯೆ ಬಿದ್ದು ಗುಲಾಬಿ. ಕೊನೆಗೆ ನಡುಮನೆಗೆ ಗೆದ್ದದ್ದು ಸುಣ್ಣಕ್ಕೆ ಹಳದಿ ಮಣ್ಣು ಬೆರೆಸಿದ ತಿಳಿ ಬಣ್ಣ, ಬೆಣ್ಣೆ ಕಾಯಿಸುವಾಗಿನ ಹಳದಿ. ಮೋಡದ ದಿನವೂ ಕೋಣೆ ಬೆಳಕಾಗಿರುತ್ತದೆ, ಕೆಂಪು ನೆಲಕ್ಕೂ ಹೊಂದುತ್ತದೆ. ಸುಣ್ಣಕ್ಕೆ ಎಲ್ಲ ಬಣ್ಣ ಬೆರೆಸಲು ಆಗುವುದಿಲ್ಲ, ಅದರ ಕ್ಷಾರಕ್ಕೆ ಎಷ್ಟೋ ಬಣ್ಣ ಮಾಸಿಹೋಗುತ್ತವೆ. ಹಳದಿ ಮಣ್ಣು, ಕೆಮ್ಮಣ್ಣು, ರೆಡ್ ಆಕ್ಸೈಡ್, ಬಟ್ಟೆಗೆ ಹಾಕುವ ನೀಲಿ ಪುಡಿ ನಿಲ್ಲುತ್ತವೆ. ಆಯ್ಕೆ ಕಮ್ಮಿ ಅನ್ನಬಹುದು. ನನಗೆ ಅದೇ ಅನುಕೂಲ ಅನ್ನಿಸಿತು, ನೂರು ಶೇಡ್ ನೋಡಿ ಮನೆಮಂದಿ ಜಗಳ ಆಡುವುದು ತಪ್ಪಿತು.

ಹೊರಗೋಡೆಯ ಬುಡಕ್ಕೆ ಹಳೇ ಮನೆಗಳ ಹಾಗೆ ಕೆಮ್ಮಣ್ಣಿನ ಪಟ್ಟಿ. ಮಳೆ ನೀರು ಎರಚಿದರೂ ಕಲೆ ಕಾಣುವುದಿಲ್ಲ. ಬಚ್ಚಲಿನ ಹೊರಗೋಡೆಗೆ ಬಿಳಿ ಎಕ್ಸ್‌ಟೀರಿಯರ್ ಎಮಲ್ಷನ್ ಹೊಡೆಸಿದ್ದೆವು. ಬಣ್ಣ ಗಟ್ಟಿಯಾಗಿದೆ, ಆದರೆ ಒಂದೇ ಮಳೆಗಾಲಕ್ಕೆ ಪಾಚಿ ಹತ್ತಿ ಕಪ್ಪು ಗೀಟು.

ಬಾಗಿಲು, ಕಿಟಕಿಗೆ ಮಾತ್ರ ಆಯಿಲ್ ಪೇಂಟ್. ಅಲ್ಲೊಂದು ಎಚ್ಚರಿಕೆ: ಹಳೇ ಪೇಂಟಿನಲ್ಲಿ ಸೀಸ ಇರಬಹುದು. ಸೀಸ ಹತ್ತು ಲಕ್ಷಕ್ಕೆ 90 ಭಾಗ ದಾಟಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕೆ ಒಣಗಿದ್ದನ್ನು ಹಾಗೇ ಉಜ್ಜಬೇಡಿ, ನೀರು ಹಾಕಿ ಉಜ್ಜಿಸಿ. ಉಜ್ಜುವಾಗ ಮಕ್ಕಳು, ಬಸುರಿಯರು ಆ ಕಡೆ ಸುಳಿಯಬಾರದು. ಕೆರೆದ ಪುಡಿಯನ್ನು ಗಿಡದ ಬುಡಕ್ಕೆ ಸುರಿಯಬೇಡಿ.

ಸಿಮೆಂಟಿನ ಅರ್ಧ ಗೋಡೆಯನ್ನು ಈ ಸಲ ಕುಯ್ಲು ಮುಗಿದ ಮೇಲೆ ಕೆತ್ತಿಸಿ ಸುಣ್ಣ ಮಾಡಿಸುತ್ತಿದ್ದೇವೆ. ಉಳಿದ ಸುಣ್ಣ ಡ್ರಮ್ಮಿನಲ್ಲಿದೆ. ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಮುಚ್ಚಿಟ್ಟರೆ ಕೆಡುವುದಿಲ್ಲ, ಹಳೆಯದಾದಷ್ಟೂ ಒಳ್ಳೆಯದು. ಬೇಲೂರಿನ ಅಜ್ಜನಿಗೆ ಈಗಲೇ ಮುಂಗಡ ಕೊಟ್ಟಾಗಿದೆ.