ಸೇಡಿನ ಸಿನಿಮಾ ಅಂತ ನಂಬಿ ಹೋಗಬೇಡಿ, ಅದರಲ್ಲಿ ಸೇಡು ತೀರುವುದೇ ಇಲ್ಲ

ಈ ವಾರ ನಮ್ಮ ತುಮಕೂರಿನಲ್ಲಿ ಓಡುತ್ತಿರುವ ಆ ಗೂಢಚಾರಿ ಸಿನಿಮಾಕ್ಕೆ ಟಿಕೆಟ್ ಬುಕ್ ಮಾಡುವ ಯೋಚನೆ ಇದೆಯಾ? ದುಡ್ಡು ಕಟ್ಟುವ ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಅದು ಅರ್ಧ ಸಿನಿಮಾ. ಎರಡು ಗಂಟೆ ಐವತ್ತು ನಿಮಿಷ ಕೂರಿಸುತ್ತಾರೆ. ಕೊನೆಗೆ ವಿಲನ್ ಹೆಲಿಕಾಪ್ಟರ್ ಹತ್ತಿ ಹೊರಟುಹೋಗುತ್ತಾನೆ. ಹೀರೋ ಹಿಮದಲ್ಲಿ ಮಂಡಿಯೂರಿ ಆಕಾಶ ನೋಡಿ ಕಿರುಚುತ್ತಾನೆ. ಆಮೇಲೆ ಪರದೆ ಮೇಲೆ ‘ಭಾಗ 2ರಲ್ಲಿ ಮುಂದುವರಿಯುತ್ತದೆ’ ಅಂತ ಬರುತ್ತದೆ. ಈ ಮಾತು ಪೋಸ್ಟರಿನಲ್ಲಿ ಇಲ್ಲ, ಟ್ರೇಲರಿನಲ್ಲಿ ಇಲ್ಲ, ಟಿಕೆಟ್ ಆ್ಯಪಿನಲ್ಲೂ ಇಲ್ಲ. ‘ಒಬ್ಬನ ಸೇಡು, ಒಂದು ರಾತ್ರಿ’ ಅಂತ ದೊಡ್ಡದಾಗಿ ಬರೆದಿದ್ದಾರೆ. ಆ ರಾತ್ರಿ ಮುಂದಿನ ವರ್ಷ ಬರುತ್ತದಂತೆ.

ಸಿನಿಮಾದ ಹೆಸರು ಬರೆಯುವುದಿಲ್ಲ. ಬರೆದರೆ ಅಭಿಮಾನಿಗಳು ಬಂದು ನಮ್ಮ ಮನೆಯವರನ್ನೆಲ್ಲ ವಿಚಾರಿಸಿಕೊಳ್ಳುತ್ತಾರೆ. ಬಿ.ಎಚ್. ರಸ್ತೆಯಲ್ಲಿ ಹೋಗುವಾಗ ಕಪ್ಪು ಕೋಟು, ಹಿಂದೆ ಉರಿಯುವ ಕಾರು, ಕೈಯಲ್ಲಿ ಹಳೇ ವಾಚು ಇರುವ ಪೋಸ್ಟರ್ ಕಂಡರೆ ಅದೇ ಅಂದುಕೊಳ್ಳಿ. ಇಲ್ಲಿಂದ ಮುಂದೆ ಕಥೆಯನ್ನೂ ಹೇಳಿಬಿಡುತ್ತೇನೆ. ಹೇಳಿ ಹಾಳು ಮಾಡುವಂಥದ್ದು ಅದರಲ್ಲಿ ಜಾಸ್ತಿ ಉಳಿದಿಲ್ಲ ಬಿಡಿ.

ಹೀರೋ ರಾ ಏಜೆಂಟ್, ಅಂದರೆ ಹೊರದೇಶದ ಗುಟ್ಟು ತರುವ ನಮ್ಮ ದೇಶದ ಗೂಢಚಾರ ಸಂಸ್ಥೆಯವನು. ಹೆಂಡತಿ, ಪುಟ್ಟ ಮಗಳು. ಸಿನಿಮಾ ಶುರುವಾಗಿ ಕಾಲು ಗಂಟೆ ಆಗಿರುವುದಿಲ್ಲ, ಮಗು ಕೇಕ್ ಕತ್ತರಿಸುವಾಗಲೇ ಮನೆಯಲ್ಲಿ ಬಾಂಬ್ ಸಿಡಿಯುತ್ತದೆ. ಇವನೊಬ್ಬ ಉಳಿಯುತ್ತಾನೆ. ಸತ್ತುಹೋದ ಅಂತ ಎಲ್ಲರೂ ನಂಬುತ್ತಾರೆ. ಆರು ವರ್ಷ ಆದ ಮೇಲೆ ಗಡ್ಡ ಬಿಟ್ಟುಕೊಂಡು ವಾಪಸ್ ಬರುತ್ತಾನೆ. ಬಾಂಬ್ ಇಡಿಸಿದ್ದು ಅವನ ಬಾಸ್ ಅನ್ನುವುದು ಇಂಟರ್‌ವಲ್ ಟ್ವಿಸ್ಟ್. ಅಲ್ಲ, ಅಷ್ಟು ದೊಡ್ಡ ನಟನನ್ನು ಬರೀ ಫೈಲಿಗೆ ಸೈನ್ ಹಾಕಿಸೋಕೆ ಯಾರಾದರೂ ಕರೆಸುತ್ತಾರಾ? ಟೈಟಲ್‌ನಲ್ಲಿ ಹೆಸರು ಬಂದಾಗಲೇ ನಮ್ಮ ಭಾವ ‘ಇವನೇ ಕಣಯ್ಯ’ ಅಂದುಬಿಟ್ಟರು.

ನನಗೆ ಟ್ವಿಸ್ಟ್ ಗೊತ್ತಾಗಿದ್ದಕ್ಕೆ ಬೇಜಾರಿಲ್ಲ. ಸೇಡಿನ ಕಥೆಗಳಲ್ಲಿ ಯಾರು ಮಾಡಿದ್ದು ಅನ್ನುವುದು ಮೊದಲೇ ಗೊತ್ತಿದ್ದರೂ ನಡೆಯುತ್ತದೆ. ಆದರೆ ಏನು ಕಳೆದುಕೊಂಡ ಅನ್ನುವುದು ನಮಗೆ ತಟ್ಟಬೇಕು. ಆ ಹೆಂಡತಿ ಯಾರು, ಏನು ಓದಿದ್ದಳು, ಗಂಡನ ಕೆಲಸದ ಬಗ್ಗೆ ಅವಳಿಗೆ ಎಷ್ಟು ಗೊತ್ತಿತ್ತು, ಒಂದೂ ಇಲ್ಲ. ಒಂದು ಹಾಡಿನಲ್ಲಿ ಹಿಟ್ಟು ಕಲಸುತ್ತಾಳೆ, ಹೀರೋನ ಮೂಗಿಗೆ ಹಿಟ್ಟು ಹಚ್ಚುತ್ತಾಳೆ, ಆಮೇಲೆ ಸಾಯುತ್ತಾಳೆ. ‘ಸಾಯಿಸೋಕೆ ಅಂತಲೇ ಮದುವೆ ಮಾಡಿಸಿದ್ದಾರೆ’ ಅಂದಳು ಅಕ್ಕ. ಆಮೇಲೆ ಹೀರೋ ಐವತ್ತು ಜನರನ್ನು ಕೊಂದರೂ ನಮಗೆ ಏನೂ ಅನ್ನಿಸುವುದಿಲ್ಲ. ಯಾಕೆ ಕೊಲ್ಲುತ್ತಿದ್ದಾನೆ ಅಂತ ನೆನಪಿಸಿಕೊಳ್ಳಬೇಕು, ಅಷ್ಟೇ.

ಈಗ ಆ ವಾಚಿನ ವಿಷಯಕ್ಕೆ ಬರುತ್ತೇನೆ. ನಮ್ಮ ಜೊತೆ ದೊಡ್ಡಪ್ಪನೂ ಬಂದಿದ್ದರು. ಪತ್ತೇದಾರಿ ಕಾದಂಬರಿಗಳನ್ನು ಬಾಡಿಗೆಗೆ ತಂದು ರಾತ್ರಿಯೆಲ್ಲಾ ಓದಿದ ಕಾಲದವರು. ಮೇಲಾಗಿ ಇಲ್ಲಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಗೊತ್ತಿಲ್ಲದ ಹುಡುಗರಿಗೆ ಹೇಳುವುದಾದರೆ, ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚ್ ಮಾಡಲು ಶುರು ಮಾಡಿತು. ಆಮೇಲೆ ತುಮಕೂರಿಗೂ ಫ್ಯಾಕ್ಟರಿ ಬಂತು. ಊರಿನ ಎಷ್ಟೋ ಮನೆಗಳು ಅದರಲ್ಲೇ ನಡೆದವು. 2016ರಲ್ಲಿ ಕೇಂದ್ರ ಸರ್ಕಾರ ವಾಚ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಇಲ್ಲಿನ ಜಾಗ ಇಸ್ರೋಗೆ ಹೋಯಿತು. ದೊಡ್ಡಪ್ಪನ ಕೈಯಲ್ಲಿ ಈಗಲೂ ಕೀ ಕೊಡುವ ವಾಚೇ ಇದೆ, ದಿನಾ ಬೆಳಿಗ್ಗೆ ಸ್ನಾನಕ್ಕೆ ಮೊದಲು ಕೀ ಕೊಡುತ್ತಾರೆ.

ಸಿನಿಮಾದಲ್ಲಿ ಹೀರೋನ ಅಪ್ಪ 1971ರ ಯುದ್ಧದಲ್ಲಿ ಸತ್ತ ಸೈನಿಕ. ಅಪ್ಪನ ವಾಚು ಮಗನ ಕೈಯಲ್ಲಿದೆ. ಪ್ರತಿ ಕೊಲೆಗೆ ಮೊದಲು ಅದಕ್ಕೆ ಕೀ ಕೊಡುತ್ತಾನೆ. ಪರದೆ ತುಂಬಾ ಡಯಲ್ಲು, ಹಾಲ್ ತುಂಬಾ ಟಿಕ್, ಟಿಕ್, ಟಿಕ್. ಮೊದಲನೇ ಸಲ ಅದು ಬಂದಾಗಲೇ ದೊಡ್ಡಪ್ಪ ಸೀಟಿನಲ್ಲಿ ಮುಂದಕ್ಕೆ ಜರುಗಿ ಕೂತರು. ಎರಡನೇ ಸಲ ಬಂದಾಗ ನನ್ನ ತೋಳು ಹಿಡಿದು, ‘ಅದು ಕ್ವಾರ್ಟ್ಜ್ ಕಣೋ! ಸೆಲ್ ವಾಚು! ಕೀ ಎಲ್ಲಿಂದ ಕೊಡ್ತಾನೆ ಅವನು?’ ಅಂದರು, ಹಿಂದಿನ ಸಾಲಿನವರಿಗೂ ಕೇಳುವ ಹಾಗೆ.

ವಿಷಯ ಏನೆಂದರೆ, ಕೀ ಕೊಡುವ ವಾಚಿನಲ್ಲಿ ಸೆಕೆಂಡಿನ ಮುಳ್ಳು ಒಂದು ಸೆಕೆಂಡಿನಲ್ಲೇ ಹಲವು ಸಣ್ಣ ಸಣ್ಣ ಹೆಜ್ಜೆ ಇಡುತ್ತದೆ. ನೋಡುವವರಿಗೆ ಅದು ಸರಾಗವಾಗಿ ಜಾರಿಕೊಂಡು ಹೋದ ಹಾಗೆ ಕಾಣುತ್ತದೆ. ಸೆಲ್ ಹಾಕಿದ ಕ್ವಾರ್ಟ್ಜ್ ವಾಚಿನಲ್ಲಿ ಸೆಕೆಂಡಿಗೆ ಒಂದೇ ಸಲ ಟಕ್ ಅಂತ ಹಾರಿ ನಿಲ್ಲುತ್ತದೆ. ಪರದೆ ಮೇಲಿದ್ದದ್ದು ಹಾರಿ ಹಾರಿ ನಿಲ್ಲುವ ಮುಳ್ಳು. ಜಗತ್ತಿನ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಜಪಾನಿನ ಸೈಕೋ ಮಾರುಕಟ್ಟೆಗೆ ತಂದಿದ್ದು 1969ರ ಡಿಸೆಂಬರಿನಲ್ಲಿ. ಆಗ ಅದರ ಬೆಲೆ ಒಂದು ಕಾರಿನ ಬೆಲೆಯ ಲೆಕ್ಕದಲ್ಲಿತ್ತು. ಎರಡೇ ವರ್ಷದಲ್ಲಿ ಅದು ನಮ್ಮ ಸಾಮಾನ್ಯ ಸೈನಿಕನ ಕೈಗೆ ಹೇಗೆ ಬಂತು? ‘ಸಿನಿಮಾ ಅಲ್ವಾ, ಬಿಡಿ ದೊಡ್ಡಪ್ಪ’ ಅಂತ ಭಾವ ಸಮಾಧಾನ ಮಾಡಲು ಹೋದರು. ಕಥೆ ಪೂರ್ತಿ ನೇತಾಡುತ್ತಿರುವುದು ಆ ವಾಚಿನ ಮೇಲೆ. ಅದನ್ನೇ ಸರಿಯಾಗಿ ತರಿಸೋಕೆ ಆಗದವರು ಬೇರೆ ಏನು ಸರಿ ಮಾಡಿಯಾರು?

ನಮ್ಮ ಮುಂದಿನ ಸಾಲಿನಲ್ಲಿ ಇಂಜಿನಿಯರಿಂಗ್ ಓದುವ ಹುಡುಗರಿದ್ದರು. ಅವರು ಇನ್ನೊಂದು ಲೆಕ್ಕ ಹಿಡಿದರು. ಅಪ್ಪ ಸತ್ತಿದ್ದು 1971ರಲ್ಲಿ, ಕಥೆ ನಡೆಯುವುದು 2024ರಲ್ಲಿ. ಹೀರೋಗೆ ಕಡಿಮೆ ಅಂದರೂ 52 ವರ್ಷ ಆಗಿರಬೇಕು. ಪರದೆ ಮೇಲೆ ಅಂಗಿ ಬಿಚ್ಚಿ ನಿಂತವನಿಗೆ 35 ಅಂತ ಫೈಲಿನಲ್ಲಿ ತೋರಿಸುತ್ತಾರೆ. ‘ಗುರು, ಇವನು ಹುಟ್ಟೋಕೆ ಮುಂಚೆನೇ ಇವನಪ್ಪ ಹೋಗಿದ್ದಾನೆ, ಹದಿನೆಂಟು ವರ್ಷ ಮುಂಚೆ’ ಅಂತ ಒಬ್ಬ ಅಂದಿದ್ದಕ್ಕೆ ನಾಲ್ಕು ಸಾಲು ನಕ್ಕಿತು. ಆ ಹೊತ್ತಿಗೆ ಪರದೆ ಮೇಲೆ ಹೀರೋ ಅಪ್ಪನ ಸಮಾಧಿ ಮುಂದೆ ಅಳುತ್ತಿದ್ದ.

ಕನ್ನಡ ಡಬ್ಬಿಂಗ್ ಬಗ್ಗೆ ಎರಡೇ ಮಾತು. ‘ನಿನ್ನ ನೆತ್ತರಿನಿಂದ ನನ್ನ ಹಗೆಯ ದಾಹವನ್ನು ತಣಿಸುವೆನು’ ಅಂತ ಜೀನ್ಸ್ ಹಾಕಿದವನು ಫೋನಿನಲ್ಲಿ ಹೇಳುತ್ತಾನೆ. ಆ ಕಡೆಯವನು ‘ಓಕೆ’ ಅನ್ನುತ್ತಾನೆ.

ಇನ್ನು ರಾ. ಈ ಸಿನಿಮಾದ ರಾ ಏಜೆಂಟರು ನಡುರಸ್ತೆಯಲ್ಲಿ ಐಡಿ ಕಾರ್ಡ್ ಎತ್ತಿ ತೋರಿಸಿ ಜನರನ್ನು ಅರೆಸ್ಟ್ ಮಾಡುತ್ತಾರೆ, ಪೊಲೀಸರು ಸೆಲ್ಯೂಟ್ ಹೊಡೆಯುತ್ತಾರೆ, ಬಾಸ್ ಟೀವಿಯವರ ಮೈಕುಗಳ ಮುಂದೆ ಕೂತು ಪ್ರೆಸ್‌ಮೀಟ್ ಮಾಡುತ್ತಾನೆ. ರಾ ಹುಟ್ಟಿದ್ದು 1968ರ ಸೆಪ್ಟೆಂಬರಿನಲ್ಲಿ. ಅದಕ್ಕೂ ಮೊದಲು ಒಳಗಿನದ್ದು, ಹೊರಗಿನದ್ದು ಎರಡನ್ನೂ ಐಬಿ ಅನ್ನುವ ಗುಪ್ತಚರ ಸಂಸ್ಥೆಯೇ ನೋಡಿಕೊಳ್ಳುತ್ತಿತ್ತು. 1962ರ ಚೀನಾ ಯುದ್ಧ, 1965ರ ಪಾಕಿಸ್ತಾನ ಯುದ್ಧ ಆದ ಮೇಲೆ ಹೊರದೇಶದ ಸುದ್ದಿ ತರೋಕೆ ಬೇರೆ ಸಂಸ್ಥೆ ಬೇಕು ಅಂತ ಇಂದಿರಾ ಗಾಂಧಿ ಸರ್ಕಾರ ಅದನ್ನು ಕಟ್ಟಿತು. ಮೊದಲ ಮುಖ್ಯಸ್ಥ ಆರ್.ಎನ್. ಕಾವ್ ಫೋಟೋಗೆ ಸಿಗುವುದೇ ಅಪರೂಪ ಅನ್ನಿಸಿಕೊಂಡಿದ್ದವರು. ರಾಗೆ ಪೊಲೀಸರ ಹಾಗೆ ಯಾರನ್ನೂ ಬಂಧಿಸುವ ಅಧಿಕಾರವೇ ಇಲ್ಲ. ಆರ್‌ಟಿಐ ಹಾಕಿ ಮಾಹಿತಿ ಕೇಳಿದರೂ ಸಾಮಾನ್ಯವಾಗಿ ಸಿಗದ ಸಂಸ್ಥೆ ಅದು. ಗುಟ್ಟಾಗಿರುವುದೇ ಅದರ ಕೆಲಸ. ಆ ಗುಟ್ಟೇ ಈ ಕಥೆಯ ಜೀವಾಳ ಆಗಬಹುದಿತ್ತು. ಹೆಂಡತಿ ಸತ್ತಿದ್ದಾಳೆ, ಗಂಡ ಏನು ಕೆಲಸದಲ್ಲಿದ್ದ ಅಂತ ಅತ್ತೆ ಮಾವನಿಗೂ ಹೇಳುವ ಹಾಗಿಲ್ಲ. ಅಂಥದ್ದೊಂದು ಸೀನ್ ಇದ್ದಿದ್ದರೆ ನಾನು ಈ ಬರಹ ಬರೆಯುತ್ತಲೇ ಇರಲಿಲ್ಲ.

ಗೂಢಚಾರರು ಸೇಡು ತೀರಿಸಿಕೊಳ್ಳಲು ಹೊರಟರೆ ನಿಜವಾಗಿ ಏನಾಗುತ್ತದೆ ಅನ್ನುವುದಕ್ಕೆ ಇತಿಹಾಸದಲ್ಲೇ ಕಥೆ ಇದೆ. 1972ರ ಮ್ಯೂನಿಕ್ ಒಲಿಂಪಿಕ್ಸ್ ವೇಳೆ ಇಸ್ರೇಲಿನ 11 ಮಂದಿ ಕ್ರೀಡಾಪಟುಗಳು, ಕೋಚ್‌ಗಳು, ರೆಫರಿಗಳು ಉಗ್ರರಿಂದ ಸತ್ತರು. ಅದಕ್ಕೆ ಕಾರಣರಾದವರನ್ನು ಹುಡುಕಿ ಕೊಲ್ಲಲು ಇಸ್ರೇಲಿನ ಗೂಢಚಾರ ಸಂಸ್ಥೆ ಮೊಸಾದ್ ಹೊರಟಿತು. 1973ರ ಜುಲೈನಲ್ಲಿ ನಾರ್ವೆಯ ಲಿಲ್ಲೆಹಾಮರ್ ಅನ್ನುವ ಸಣ್ಣ ಊರಿನಲ್ಲಿ ಅವರು ಒಬ್ಬನನ್ನು ಗುಂಡಿಟ್ಟು ಕೊಂದರು. ಅವನು ಅವರು ಹುಡುಕುತ್ತಿದ್ದವನೇ ಅಲ್ಲ. ಮೊರಾಕ್ಕೋದಿಂದ ಬಂದು ಅಲ್ಲಿ ವೇಟರ್ ಆಗಿದ್ದ ಅಹ್ಮದ್ ಬೂಶಿಕಿ. ಬಸುರಿ ಹೆಂಡತಿಯ ಜೊತೆ ಸಿನಿಮಾ ನೋಡಿಕೊಂಡು ಮನೆಗೆ ಹೋಗುತ್ತಿದ್ದ. ಕೊಂದವರ ಗುಂಪಿನ ಕೆಲವರು ಸಿಕ್ಕಿಬಿದ್ದು ಜೈಲಿಗೂ ಹೋದರು. ಹುಡುಕುತ್ತಿದ್ದ ಅಸಲಿ ಮನುಷ್ಯ ಸತ್ತಿದ್ದು 1979ರಲ್ಲಿ, ಬೈರೂತ್‌ನಲ್ಲಿ. ಈ ಒಂದು ಘಟನೆಯಲ್ಲಿ ಇರುವ ಭಯ, ಅನುಮಾನ, ಪಾಪಪ್ರಜ್ಞೆ ಇವರ ಎರಡು ಗಂಟೆ ಐವತ್ತು ನಿಮಿಷದಲ್ಲಿ ಎಲ್ಲೂ ಇಲ್ಲ. ಇವರ ಹೀರೋಗೆ ಒಂದು ಗುಂಡೂ ತಪ್ಪುವುದಿಲ್ಲ, ಒಬ್ಬ ತಪ್ಪು ಮನುಷ್ಯನೂ ಸಾಯುವುದಿಲ್ಲ.

ಹೊರಗೆ ಬಂದ ಮೇಲೆ ಪಾರ್ಕಿಂಗ್‌ನಲ್ಲಿ ಗಾಡಿ ತೆಗೆಯಲು ಸಾಲು ನಿಂತಿತ್ತು, ಅಲ್ಲೇ ಎಲ್ಲರ ಅಭಿಪ್ರಾಯವೂ ಕೇಳಿಸಿತು. ಒಬ್ಬರು ಗುಬ್ಬಿ ಹತ್ತಿರದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯವರು, 2023ರ ಫೆಬ್ರುವರಿಯಲ್ಲಿ ಪ್ರಧಾನಿ ಬಂದು ಉದ್ಘಾಟಿಸಿದ್ದರಲ್ಲ, ಅದೇ. ಕ್ಲೈಮ್ಯಾಕ್ಸಿನಲ್ಲಿ ಹೀರೋ ಗುಂಡು ಹೊಡೆದು ಹೆಲಿಕಾಪ್ಟರಿನ ಬಾಲದ ಫ್ಯಾನ್ ಮುರಿದುಹಾಕುತ್ತಾನೆ, ಆದರೂ ಅದು ನೆಟ್ಟಗೆ ಹಾರಿಹೋಗುತ್ತದೆ. ‘ಆ ಫ್ಯಾನ್ ಹೋದ್ರೆ ಮೇಲಿನ ರೆಕ್ಕೆ ತಿರುಗೋ ರಭಸಕ್ಕೆ ಇಡೀ ಹೆಲಿಕಾಪ್ಟರ್ರೇ ಗಿರಗಿರ ಸುತ್ತುತ್ತೆ ಸಾರ್. ಇವರು ವಿಲನ್ನ ಉಳಿಸಿಕೊಂಡಿದ್ದೇ ಭಾಗ 2ಕ್ಕೋಸ್ಕರ’ ಅಂದರು. ಇಂಜಿನಿಯರಿಂಗ್ ಹುಡುಗರಿಗೆ ರೈಲಿನ ಫೈಟ್ ಇಷ್ಟವಾಗಿತ್ತು. ನನಗೂ ಇಷ್ಟವಾಯಿತು, ಸುಳ್ಳು ಯಾಕೆ ಹೇಳಲಿ. ಅಡುಗೆ ಬೋಗಿಯಲ್ಲಿ ಸ್ಟೀಲ್ ತಟ್ಟೆ, ಟೀ ಕ್ಯಾನ್ ಹಿಡಿದು ಹೊಡೆದಾಡುವ ಆ ಎಂಟು ನಿಮಿಷ ಚೆನ್ನಾಗಿ ತೆಗೆದಿದ್ದಾರೆ. ಯೂಟ್ಯೂಬಿಗೆ ಹೇಗೂ ಬರುತ್ತದೆ. ಭಾವನ ತೀರ್ಪು ಮಾತ್ರ ಒಂದೇ ಸಾಲಿನದು: ‘ಮುದ್ದೆ ಬಡಿಸಿ, ಸಾರು ಮುಂದಿನ ವರ್ಷ ಅಂದಂಗಾಯ್ತು.’

ಹಾಗಾದರೆ ಎಲ್ಲ ಕಡೆ ‘ಬ್ಲಾಕ್‌ಬಸ್ಟರ್’ ಅಂತ ಯಾಕೆ ಬರುತ್ತಿದೆ ಅಂತ ಕೇಳಬಹುದು. ಇಂಟರ್‌ವಲ್‌ನಲ್ಲಿ ಮೈಕ್ ಹಿಡಿದ ಒಬ್ಬ, ಮೊಬೈಲ್ ಹಿಡಿದ ಇನ್ನೊಬ್ಬ ಬಂದು ಅದೇ ಹುಡುಗರನ್ನು ಮಾತಾಡಿಸಿದ್ದನ್ನು ನಾನೇ ನೋಡಿದೆ. ‘ಫೈಟ್ ಸೂಪರ್ ಗುರು, ಆದ್ರೆ ಕಥೆ ಎಲ್ಲಿದೆ?’ ಅಂದಿದ್ದರು. ರಾತ್ರಿ ಆ ವಿಡಿಯೋ ನನ್ನ ಫೋನಿಗೂ ಬಂತು. ‘ಫೈಟ್ ಸೂಪರ್ ಗುರು’ ಆದ ತಕ್ಷಣ ಕತ್ತರಿ ಬಿದ್ದಿತ್ತು, ಹಿಂದೆ ಶಿಳ್ಳೆ ಸೇರಿಸಿದ್ದರು. ಪೂರ್ತಿ ಸಿನಿಮಾದ ಅಭಿಪ್ರಾಯವನ್ನು ಅರ್ಧದಲ್ಲೇ ಕೇಳಿಬಿಟ್ಟರೆ ಕೊನೆಯ ಮೋಸ ಯಾರ ಬಾಯಿಂದಲೂ ಬರುವುದಿಲ್ಲ. ಆದ್ದರಿಂದ ಜನರ ಕೈಯಲ್ಲಿ ಪಾಪ್‌ಕಾರ್ನ್ ಡಬ್ಬ ಇರುವ ವಿಡಿಯೋಗಳನ್ನು ನಂಬಬೇಡಿ, ಅವೆಲ್ಲ ಇಂಟರ್‌ವಲ್‌ನವು.

ದುಡ್ಡಿನ ಲೆಕ್ಕ ಬೇಕಾದವರಿಗೆ: ಟಿಕೆಟ್ 250 ರೂಪಾಯಿ, ಅದರ ಮೇಲೆ ಆ್ಯಪಿನವರ ಕನ್ವೀನಿಯನ್ಸ್ ಫೀ, ಆ ಫೀ ಮೇಲೆ ಶೇ 18 ಜಿಎಸ್‌ಟಿ. ನಾಲ್ಕು ಜನಕ್ಕೆ ತಿಂಡಿ, ಪಾರ್ಕಿಂಗ್ ಸೇರಿ ಒಂದೂವರೆ ಸಾವಿರ ದಾಟಿತು. ಟಿಕೆಟ್ ದರ 200 ರೂಪಾಯಿ ದಾಟಬಾರದು ಅಂತ ರಾಜ್ಯ ಸರ್ಕಾರ 2025ರ ಸೆಪ್ಟೆಂಬರಿನಲ್ಲಿ ನಿಯಮ ತಂದಿತ್ತು. ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು.

ಮಕ್ಕಳನ್ನು ಕರೆದುಕೊಂಡು ಹೋಗುವವರು ಇನ್ನೂ ಹುಷಾರಾಗಿರಿ. ಪೋಸ್ಟರಿನ ಮೂಲೆಯಲ್ಲಿ ಸಣ್ಣದಾಗಿ ‘ಯುಎ 16+’ ಅಂತ ಇದೆ. 2024ರ ಕೊನೆಯಿಂದ ಯುಎ ಸರ್ಟಿಫಿಕೇಟನ್ನು 7+, 13+, 16+ ಅಂತ ಮೂರು ಭಾಗ ಮಾಡಿದ್ದಾರೆ. ‘ಎ’ ಸರ್ಟಿಫಿಕೇಟ್ ಆದರೆ ಬಾಗಿಲಲ್ಲೇ ಮಕ್ಕಳನ್ನು ತಡೆಯಬೇಕು. ಯುಎ ಆದರೆ ತಂದೆ ತಾಯಿಗೆ ಬಿಟ್ಟಿದ್ದು, ಯಾರೂ ತಡೆಯುವುದಿಲ್ಲ. ಸೆಕೆಂಡ್ ಹಾಫ್‌ನಲ್ಲಿ ಇಕ್ಕಳ ಹಿಡಿದು ಉಗುರು ಕೀಳುವ ಸೀನ್ ಇದೆ, ತುಂಬಾ ಹೊತ್ತು ತೋರಿಸುತ್ತಾರೆ. ನಮ್ಮ ಹಿಂದಿನ ಸಾಲಿನಲ್ಲಿದ್ದ ಏಳೆಂಟು ವರ್ಷದ ಹುಡುಗ ಜೋರಾಗಿ ಅಳಲು ಶುರು ಮಾಡಿದ. ಅವನಮ್ಮ ಎತ್ತಿಕೊಂಡು ಹೊರಗೆ ಹೋದವರು ಮತ್ತೆ ಒಳಗೆ ಬರಲಿಲ್ಲ. ಕೌಂಟರಿನಲ್ಲಿ ಕೇಳಿದ್ದಕ್ಕೆ ದುಡ್ಡು ವಾಪಸ್ ಇಲ್ಲ ಅಂದರಂತೆ.

ಬಿಡುವಿದ್ದು ಸಿನಿಮಾ ನೋಡಲೇಬೇಕು ಅನ್ನಿಸಿದರೆ, ಪಕ್ಕದ ಸ್ಕ್ರೀನಿನಲ್ಲಿ ಹೊಸಬರು ಮಾಡಿದ ಕನ್ನಡ ಸಿನಿಮಾ ಒಂದಿದೆ. ನೋಡಿ ಬಂದ ನನ್ನ ಸ್ನೇಹಿತನೊಬ್ಬ ಚೆನ್ನಾಗಿದೆ ಅಂದ, ಕಥೆ ಮುಗಿಯುತ್ತದೆ ಅಂತಲೂ ಹೇಳಿದ. ಬೆಳಿಗ್ಗೆ ಹತ್ತೂಕಾಲಿಗೆ ಒಂದೇ ಶೋ. ಗುರುವಾರದವರೆಗೆ ಮಾತ್ರ ಇರುತ್ತದಂತೆ. ಶುಕ್ರವಾರದಿಂದ ಆ ಸಮಯವನ್ನೂ ಈ ಕಪ್ಪು ಕೋಟಿನವನಿಗೇ ಕೊಡುತ್ತಾರೆ ಅಂತ ಟಿಕೆಟ್ ಕೌಂಟರಿನ ಹುಡುಗ ಹೇಳಿದ.