ಹಾವಿನ ಗೂಡಿಗೆ ತಂದ ಡಿಜಿಟಲ್ ಮೀಟರ್: ಎರಡು ಚಳಿಗಾಲ ಬಳಸಿದ ಮೇಲೆ

ನಾವಿರುವುದು ಅಮೆರಿಕದ ಮಿನ್ನೆಸೋಟದಲ್ಲಿ. ಮನೆಯಲ್ಲಿ ಒಂದು ಬಾಲ್ ಪೈಥಾನ್ (ಸಾಕುವ ಚಿಕ್ಕ ಜಾತಿಯ ಹೆಬ್ಬಾವು) ಇದೆ, ಮಗಳು ಇಟ್ಟ ಹೆಸರು ಗುಂಡ. (ಊರಿನವರು ಇದನ್ನೋದಿ ಕೇರೆ ಹಾವು ಹಿಡಿದು ತರಬೇಡಿ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ.)

ಮೊದಲ ಚಳಿಗಾಲದಲ್ಲಿ ಗಾಜಿಗೆ ಅಂಟಿಸುವ ಮುಳ್ಳಿನ ಡಯಲ್ ನಂಬಿಕೊಂಡಿದ್ದೆವು. ತೇವಾಂಶ ಶೇಕಡಾ 60 ಅಂತ ತೋರಿಸುತ್ತಿತ್ತು, ಸರಿಯಾಗೇ ಇದೆ ಅಂದುಕೊಂಡೆವು. ಆದರೆ ಗುಂಡ ಪೊರೆ ಬಿಟ್ಟಿದ್ದು ಚೂರು ಚೂರಾಗಿ. ಬಾಲದ ತುದಿಯಲ್ಲಿ ಹಳೇ ಪೊರೆ ಉಂಗುರದ ಹಾಗೆ ಬಿಗಿದುಕೊಂಡಿತ್ತು. ಹಾಗೇ ಬಿಟ್ಟರೆ ರಕ್ತ ಓಡಾಡದೆ ತುದಿ ಸತ್ತೇ ಹೋಗಬಹುದು. ಡಬ್ಬದಲ್ಲಿ ಉಗುರುಬೆಚ್ಚಗಿನ ನೀರು ಎರಡು ಬೆರಳಷ್ಟು ಹಾಕಿ ಗುಂಡನನ್ನು 20 ನಿಮಿಷ ಬಿಟ್ಟು, ಆಮೇಲೆ ಒದ್ದೆ ಟವೆಲ್ ಒಳಗೆ ಹರಿದಾಡಲು ಬಿಟ್ಟ ಮೇಲೆ ಬಿಟ್ಟುಕೊಂಡಿತು.

ಆಗ ತಂದಿದ್ದು ಉಷ್ಣಾಂಶ, ತೇವಾಂಶ ಎರಡನ್ನೂ ತೋರಿಸುವ ಈ ಮೀಟರ್, ವೈರಿನ ತುದಿಯಲ್ಲಿ ಪ್ರೋಬ್ (ಅಳೆಯುವ ತುದಿ) ಇರುವಂಥದ್ದು. ಎರಡಕ್ಕೆ 26 ಡಾಲರ್. ಬ್ರ್ಯಾಂಡ್ ಹೆಸರು ಬೇಡ, ಇದೇ ಥರದ್ದು ಬೇಕಾದಷ್ಟು ಸಿಗುತ್ತವೆ. ಡಯಲ್ 60 ತೋರಿಸುತ್ತಿದ್ದ ಜಾಗದಲ್ಲೇ ಇದು 38 ಅಂತು! ಯಾವುದನ್ನು ನಂಬುವುದು? ಪರೀಕ್ಷಿಸುವುದು ಹೀಗೆ: ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಕೆಸರಿನಂತಾಗುವಷ್ಟು ನೀರು ಬಿಟ್ಟು, ಮೀಟರ್ ಜೊತೆ ಜಿಪ್ ಕವರಿನಲ್ಲಿ ಗಾಳಿ ಆಡದಂತೆ ಒಂದು ರಾತ್ರಿ ಮುಚ್ಚಿಡಿ. ಒಳಗಿನ ತೇವಾಂಶ 75ಕ್ಕೆ ಬಂದು ನಿಲ್ಲುತ್ತದೆ. ನನ್ನದರಲ್ಲಿ ಒಂದು 74, ಇನ್ನೊಂದು 77. ಡಯಲ್ 95ರ ಹತ್ತಿರ ಹೋಗಿತ್ತು.

ಈಗ ಒಂದು ಪ್ರೋಬ್ ಬಿಸಿ ಕಡೆ, ಒಂದು ತಂಪು ಕಡೆ, ಎರಡೂ ಹಾವು ಮಲಗುವ ಮಟ್ಟದಲ್ಲೇ. ಬಿಸಿ ಕಡೆ 31-32 ಡಿಗ್ರಿ ಸೆಲ್ಸಿಯಸ್, ತಂಪು ಕಡೆ 25-26, ತೇವಾಂಶ 60ರ ಮೇಲೆ ಇಟ್ಟುಕೊಳ್ಳುತ್ತೇನೆ. ಪೊರೆ ಬಿಡುವ ಮೊದಲು ಕಣ್ಣು ನೀಲಿಗಟ್ಟಿದಾಗ 70. ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಕನಿಷ್ಠ-ಗರಿಷ್ಠ ತೋರಿಸುವ ಬಟನ್. ರಾತ್ರಿ ಮೂರು ಗಂಟೆಗೆ ಎದ್ದು ಯಾರು ನೋಡ್ತಾರೆ, ಬೆಳಿಗ್ಗೆ ಒತ್ತಿದರೆ 21ಕ್ಕೆ ಇಳಿದಿತ್ತು ಅಂತ ಗೊತ್ತಾಗುತ್ತದೆ. ಚಳಿ ತಾಗುತ್ತಲೇ ಇದ್ದರೆ ಉಸಿರಾಟದ ಸೋಂಕು ಬರಬಹುದು. ಬಾಯಿ ತೆರೆದು ಉಸಿರಾಡುವುದು, ಸೀಟಿಯಂಥ ಸದ್ದು, ಮೂಗಿನಲ್ಲಿ ಸಿಂಬಳದ ಗುಳ್ಳೆ ಕಂಡರೆ ಮನೆಮದ್ದು ಬೇಡ, ಹಾವು ನೋಡುವ ಡಾಕ್ಟರ್ ಹತ್ತಿರ ಹೋಗಿ.

ತೊಂದರೆ ಅಂದ್ರೆ ಇದರ ಸಕ್ಷನ್ ಕಪ್. ಎರಡು ವಾರಕ್ಕೇ ಕಳಚಿ ಬಿತ್ತು. ಟೇಪ್ ಮಾತ್ರ ಹಚ್ಚಬೇಡಿ, ಹಾವಿನ ಮೈಗೆ ಅಂಟಿದರೆ ಚರ್ಮವೇ ಕಿತ್ತು ಬರುತ್ತದೆ. ನಾನು ವೈರನ್ನು ಜಿಪ್ ಟೈನಿಂದ ಕಟ್ಟಿದೆ. ಮತ್ತೆ ಇದು ಬರೀ ತೋರಿಸುತ್ತದೆ, ಗೂಡು ಬಿಸಿ ಮಾಡುವ ಹೀಟ್ ಮ್ಯಾಟಿಗೆ ಬಿಸಿ ಹದದಲ್ಲಿಡುವ ಥರ್ಮೋಸ್ಟಾಟ್ ಬೇರೆಯೇ ಬೇಕು, ಇಲ್ಲದಿದ್ದರೆ ಹಾವಿನ ಹೊಟ್ಟೆ ಸುಡುತ್ತದೆ.

ಅಂಕಿ ಸರಿಯಿದೆ ಅಂತ ಸುಮ್ನೆ ಕೂರುವ ಹಾಗೂ ಇಲ್ಲ. ತೇವ ಏರಿಸಲು ಹೋಗಿ ತಳದ ತೆಂಗಿನ ಸಿಪ್ಪೆಯನ್ನು ಕೆಸರು ಮಾಡಿದರೆ ಹೊಟ್ಟೆಯ ಹುರುಪೆ ಕೆಂಪಾಗಿ ಕೊಳೆಯಲು ಶುರುವಾಗುತ್ತದೆ. ಮೇಲ್ಪದರ ಒಣಗಿದ್ದು, ಕೆಳಗೆ ತೇವ ಇರಬೇಕು. ನೀರಿನ ಬಟ್ಟಲಿನಲ್ಲಿ ಕರಿ ಸಾಸಿವೆಗಿಂತ ಸಣ್ಣ ಚುಕ್ಕೆ ತೇಲುತ್ತಿದ್ದರೆ ಅದು ಹಾವಿನ ರಕ್ತ ಹೀರುವ ನುಸಿ ಇರಬಹುದು. ಕಣ್ಣಿನ ಸುತ್ತ, ಗಲ್ಲದ ಕೆಳಗೆ ಕೂಡಲೇ ನೋಡಿ.

ಕಳೆದ ತಿಂಗಳು ಗುಂಡ ಮತ್ತೆ ಪೊರೆ ಬಿಟ್ಟ. ಮಗಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮೂತಿಯಿಂದ ಬಾಲದವರೆಗೆ ಒಂದೇ ತುಂಡು, ತಲೆಯ ಹತ್ತಿರ ಹೆಸರುಬೇಳೆಯಷ್ಟು ಚಿಕ್ಕ, ಗಾಜಿನಂಥ ಎರಡು ಗುಂಡು ಚಿಪ್ಪು, ಕಣ್ಣಿನ ಮೇಲಿನ ಪೊರೆ. ಎರಡೂ ಇದ್ದವು.