ನಮ್ಮ ಮಗು ಆ ಆಮೆಯನ್ನು ಒಮ್ಮೆಯೂ ಮುಟ್ಟಿರಲಿಲ್ಲ

ಮನೆಯಲ್ಲಿ ಐದು ವರ್ಷದೊಳಗಿನ ಮಗುವಿದ್ದು, ಅದೇ ಮನೆಯಲ್ಲಿ ಆಮೆಯನ್ನೋ ಇಗುವಾನಾ ಎಂಬ ದೊಡ್ಡ ಓತಿಯನ್ನೋ ಹಾವನ್ನೋ ಸಾಕಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಸಾಕುವ ಯೋಚನೆಯಲ್ಲಿದ್ದರೆ ಅಂಗಡಿಗೆ ಹೋಗುವ ಮೊದಲೇ ಓದಿ. ಹೋದ ಮಳೆಗಾಲದಲ್ಲಿ ನನ್ನ ಏಳು ತಿಂಗಳ ಮಗ ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿದ್ದ. ಅದಕ್ಕೆ ಕಾರಣ ಅಂಗೈಯಷ್ಟೂ ಇಲ್ಲದ ಒಂದು ಆಮೆಮರಿ, ಮತ್ತು ಅದನ್ನು ಚೊಕ್ಕಟವಾಗಿ ಇಟ್ಟುಕೊಳ್ಳಬೇಕೆಂಬ ನನ್ನದೇ ಶ್ರದ್ಧೆ.

ಮಗಳಿಗೆ ಆರು ತುಂಬಿದ ದಿನ ನನ್ನ ಮೈದುನ ಅದನ್ನು ಬೆಂಗಳೂರಿನ ಒಂದು ಅಂಗಡಿಯಿಂದ ತಂದುಕೊಟ್ಟ. ಹಸಿರು ಚಿಪ್ಪು, ಕಣ್ಣಿನ ಹಿಂದೆ ಕುಂಕುಮದ ಗೀರಿನಂಥ ಕೆಂಪು ಪಟ್ಟೆ. ರೆಡ್ ಇಯರ್ಡ್ ಸ್ಲೈಡರ್ ಎಂದು ಅದರ ಹೆಸರು. ಅಮೆರಿಕದ ಮಿಸಿಸಿಪ್ಪಿ ಸೀಮೆಯ ಪ್ರಾಣಿ. ರೋಗವಿಲ್ಲ, ವಾಸನೆಯಿಲ್ಲ, ಕೂದಲು ಉದುರುವುದಿಲ್ಲ, ಮಕ್ಕಳಿಗೆ ಇದಕ್ಕಿಂತ ಒಳ್ಳೆಯದಿಲ್ಲ ಎಂದು ಅಂಗಡಿಯವರು ಹೇಳಿದ್ದರಂತೆ. ಕೂರ್ಮ ಮನೆಗೆ ಬಂದಿತೆಂದು ಅತ್ತೆಯವರಿಗೂ ಸಂತೋಷ. ಮಗಳು ಅದಕ್ಕೆ ಗುಂಡ ಎಂದು ಹೆಸರಿಟ್ಟಳು.

ಅವಳು ಶಾಲೆಯಿಂದ ಬಂದು ಚೀಲ ಇಳಿಸುವುದೇ ತಡ, ಗುಂಡ ಗಾಜಿನ ಹತ್ತಿರ ಈಜಿ ಬಂದು ಮುಂಗಾಲುಗಳನ್ನು ಬಡಿಯುತ್ತಿತ್ತು. ಊಟ ಹಾಕುವವರು ಬಂದರೆಂಬ ಗುರುತು ಅದು. ಅವಳಿಗೆ ಮಾತ್ರ ಅದು ತನ್ನನ್ನೇ ಕರೆಯುತ್ತಿದೆ ಎನಿಸುತ್ತಿತ್ತು. ಎತ್ತಿಕೊಂಡು ಮೂಗಿಗೆ ಮೂಗು ತಾಗಿಸಿ, ತಲೆಗೆ ಮುತ್ತು ಕೊಟ್ಟು, ಅದೇ ಕೈಯಲ್ಲಿ ಚಕ್ಕುಲಿ ತಿನ್ನುತ್ತಿದ್ದಳು. ಆ ಮುತ್ತಿನ ಫೋಟೊವನ್ನು ನಾನೇ ತೆಗೆದು ಬಂಧುಗಳಿಗೆಲ್ಲ ಕಳುಹಿಸಿದ್ದೆ.

ಮಗ ಇನ್ನೂ ಅಂಬೆಗಾಲಿಡುತ್ತಿರಲಿಲ್ಲ. ಗಾಜಿನ ತೊಟ್ಟಿ ಎತ್ತರದ ಮೇಜಿನ ಮೇಲಿತ್ತು. ಆದ್ದರಿಂದ ಅವನ ವಿಷಯದಲ್ಲಿ ನನಗೆ ಯಾವ ಅಳುಕೂ ಇರಲಿಲ್ಲ.

ತೊಟ್ಟಿಯನ್ನು ವಾರಕ್ಕೆ ಎರಡು ಸಲ ತೊಳೆಯುತ್ತಿದ್ದೆ. ನಮ್ಮ ಬಚ್ಚಲಲ್ಲಿ ನೀರು ಸರಾಗವಾಗಿ ಹರಿಯುವುದಿಲ್ಲ, ಹಾಗಾಗಿ ತೊಳೆಯುವುದು ಅಡುಗೆಮನೆಯ ಸಿಂಕಿನಲ್ಲಿ. ಹಸಿರುಗಟ್ಟಿದ ನೀರನ್ನು ಸುರಿದು, ಕಲ್ಲುಗಳನ್ನು ಜಾಲರಿಯಲ್ಲಿ ಹಾಕಿ ಅಲುಗಿಸಿ, ಗುಂಡನ ಚಿಪ್ಪನ್ನು ಹಳೆಯ ಟೂತ್‌ಬ್ರಷ್‌ನಿಂದ ಉಜ್ಜುತ್ತಿದ್ದೆ. ಉಜ್ಜಿದಂತೆಲ್ಲ ಹನಿ ಸಿಡಿಯುತ್ತಿತ್ತು. ಸಿಂಕಿನ ಬಲಕ್ಕೆ, ಒಂದು ಗೇಣು ದೂರದಲ್ಲಿ, ಮಗನ ಒಳಲೆಯನ್ನು ಬೋರಲು ಹಾಕಿರುತ್ತಿದ್ದೆ. ನನ್ನ ತವರಿನಿಂದ ಬಂದ ಬೆಳ್ಳಿಯ ಒಳಲೆ ಅದು. ನಾನೂ ಅದರಲ್ಲೇ ಹಾಲು ಕುಡಿದು ಬೆಳೆದವಳು. ತೊಟ್ಟಿ ತೊಳೆದಾದ ಮೇಲೆ ಕೈಯನ್ನು ಬರಿಯ ನೀರಿನಲ್ಲಿ ಜಾಲಾಡಿಸಿ, ಸೆರಗಿಗೆ ಒರೆಸಿ, ರಾಗಿ ಸರಿ ಆರಿದೆಯೇ ಎಂದು ಬೆರಳು ಅದ್ದಿ ನೋಡುತ್ತಿದ್ದೆ. ಮಗನಿಗೆ ಕುಡಿಸುವ ನೀರನ್ನು ಹತ್ತು ನಿಮಿಷ ಕುದಿಸುತ್ತಿದ್ದವಳು ನಾನು.

ಒಂದು ಭಾನುವಾರ ರಾತ್ರಿ ಜ್ವರ ಬಂದಿತು. ಬೆಳಗಾಗುವಷ್ಟರಲ್ಲಿ ಐದು ಸಲ ಭೇದಿ. "ಹಲ್ಲು ಬರುವ ಹೊತ್ತು, ಭೇದಿ ಆಗಿಯೇ ಆಗುತ್ತದೆ ಕಣಮ್ಮಾ" ಎಂದು ಅತ್ತೆ ಧೈರ್ಯ ಹೇಳಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ಅವರನ್ನು ದೂರುವುದಿಲ್ಲ, ನಾನೂ ಅದನ್ನೇ ನಂಬಿದೆ. ಮಂಗಳವಾರ ಲಂಗೋಟಿಯಲ್ಲಿ ಲೋಳೆಯ ಜೊತೆ ರಕ್ತದ ಎಳೆ ಕಂಡಿತು. ಅಷ್ಟು ಹೊತ್ತಿಗೆ ಅವನ ನೆತ್ತಿ ಗುಳಿ ಬಿದ್ದಿತ್ತು. ಅಳುತ್ತಿದ್ದ, ಕಣ್ಣೀರು ಬರುತ್ತಿರಲಿಲ್ಲ. ಆ ಎರಡು ಗುರುತುಗಳು ಕಂಡ ಮೇಲೆ ಒಂದು ಗಂಟೆಯೂ ಕಾಯಬಾರದು ಎಂದು ನನಗೆ ಆಮೇಲೆ ತಿಳಿಯಿತು.

ಆಸ್ಪತ್ರೆಗೆ ಸೇರಿಸಿಕೊಂಡ ವೈದ್ಯರು ಮೊದಲ ದಿನವೇ ಕೇಳಿದರು: "ಮನೆಯಲ್ಲಿ ಸಾಕುಪ್ರಾಣಿ ಏನಾದರೂ ಇದೆಯೇ?" ನಾನೂ ನನ್ನ ಗಂಡನೂ ಒಟ್ಟಿಗೇ ಇಲ್ಲ ಎಂದೆವು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಸಾಕುಪ್ರಾಣಿ ಎಂದರೆ ನಾಯಿ, ಬೆಕ್ಕು ಎಂದಷ್ಟೇ ನಮ್ಮ ಮನಸ್ಸಿಗೆ ಬಂದದ್ದು. ಮೂರನೆಯ ದಿನ ರಕ್ತದ ಕಲ್ಚರ್ ವರದಿ (ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯೇ ಎಂದು ಬೆಳೆಸಿ ನೋಡುವ ಪರೀಕ್ಷೆ) ಬಂದಾಗ ಅವರು ಮತ್ತೆ ಬಂದು ಕೇಳಿದರು: "ನೋಡಮ್ಮಾ, ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ರಕ್ತಕ್ಕೇ ಇಳಿದಿದೆ. ಕೋಳಿ, ಮೊಟ್ಟೆ, ಆಮೆ, ಹಲ್ಲಿ, ಏನಾದರೂ ನೆನಪಿಸಿಕೊಳ್ಳಿ." ಮಂಚದ ತುದಿಯಲ್ಲಿ ಕುಳಿತು ಬಣ್ಣ ಹಚ್ಚುತ್ತಿದ್ದ ಮಗಳು ತಲೆಯೆತ್ತಿ "ನಮ್ಮ ಗುಂಡ ಆಮೆ" ಎಂದಳು.

ಟೈಫಾಯ್ಡ್ ತರುವುದೂ ಸಾಲ್ಮೊನೆಲ್ಲಾ ಬಳಗದ್ದೇ ಒಂದು ಬ್ಯಾಕ್ಟೀರಿಯಾ, ಆದರೆ ಅದು ಮನುಷ್ಯರಿಂದ ಮನುಷ್ಯರಿಗೆ ಬರುವಂಥದ್ದು. ಸರೀಸೃಪಗಳ ಕರುಳಿನಲ್ಲಿರುವ ತಳಿಗಳು ಬೇರೆ. ಅವು ಆಮೆಗೆ ಏನೂ ಮಾಡುವುದಿಲ್ಲ. ನಮ್ಮ ಹೊಟ್ಟೆಯಲ್ಲಿ ನಿರುಪದ್ರವಿ ಬ್ಯಾಕ್ಟೀರಿಯಾ ಇರುವ ಹಾಗೆ ಅದರ ಹೊಟ್ಟೆಯಲ್ಲಿ ಇವು ಇರುತ್ತವೆ. ಆಮೆ ಲವಲವಿಕೆಯಿಂದ ಈಜುತ್ತಿರುತ್ತದೆ, ಚಿಪ್ಪು ಹೊಳೆಯುತ್ತಿರುತ್ತದೆ, ಹಿಕ್ಕೆಯ ಜೊತೆ ಬ್ಯಾಕ್ಟೀರಿಯಾ ನೀರಿಗೆ ಸೇರಿ, ನೀರಿನಿಂದ ಚಿಪ್ಪಿಗೆ, ಚರ್ಮಕ್ಕೆ, ಕಲ್ಲಿಗೆ ಹತ್ತಿಕೊಳ್ಳುತ್ತದೆ. ಇಂದು ಇದ್ದು, ನಾಳೆ ಕಾಣದೆ, ಮುಂದಿನ ವಾರ ಮತ್ತೆ ಹೊರಬರಬಹುದು. ಆದ್ದರಿಂದ ಒಂದು ಸಲ ಪರೀಕ್ಷೆ ಮಾಡಿಸಿ ಏನೂ ಇಲ್ಲ ಎಂದು ವರದಿ ಬಂದರೆ ನಿಶ್ಚಿಂತರಾಗುವಂತಿಲ್ಲ. ಔಷಧಿ ಕೊಟ್ಟು ಆಮೆಯನ್ನು ಶುದ್ಧ ಮಾಡಿಬಿಡೋಣ ಎಂದರೆ ಅದೂ ಆಗದು. ಬ್ಯಾಕ್ಟೀರಿಯಾ ಪೂರ್ತಿ ಹೋಗುವುದಿಲ್ಲ, ಉಳಿದವು ಔಷಧಿಗೆ ಜಗ್ಗದಂತಾಗುತ್ತವೆ.

ಗಟ್ಟಿಮುಟ್ಟಾದ ದೊಡ್ಡವರಿಗೆ ತಗುಲಿದರೆ ಸಾಮಾನ್ಯವಾಗಿ ಆರು ಗಂಟೆಯಿಂದ ಆರು ದಿನಗಳೊಳಗೆ ಜ್ವರ, ಭೇದಿ, ಹೊಟ್ಟೆನುಲಿತ ಶುರುವಾಗಿ ಒಂದು ವಾರದಲ್ಲಿ ವಾಸಿಯಾಗುತ್ತದೆ. ಎಳೆಯ ಮಕ್ಕಳು, ಅರವತ್ತೈದು ದಾಟಿದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಬಸುರಿಯರು, ಇವರ ಕಥೆ ಬೇರೆ. ಕರುಳನ್ನು ದಾಟಿ ರಕ್ತಕ್ಕೆ, ಮೂಳೆಗೆ, ಮಿದುಳಿನ ಪೊರೆಗೆ ಹೋಗಬಹುದು. ಮಿದುಳಿಗೆ ಹೋಗಿದೆಯೇ ಎಂದು ನೋಡಲು ನನ್ನ ಮಗನನ್ನು ಬಾಗಿಸಿ ಹಿಡಿದು ಬೆನ್ನಿನಿಂದ ನೀರು ತೆಗೆದರು. ನನ್ನನ್ನು ಹೊರಗೆ ಕಳುಹಿಸಿದ್ದರು. ಬಾಗಿಲಿನಾಚೆಯಿಂದ ಕೇಳಿದ ಅಳು ಈಗಲೂ ಕೆಲವು ರಾತ್ರಿ ಎಚ್ಚರಗೊಳಿಸುತ್ತದೆ. ಮಿದುಳಿಗೆ ಹೋಗಿರಲಿಲ್ಲ. ರಕ್ತದಲ್ಲಿದ್ದದ್ದಕ್ಕೆ ನಾಳದ ಮೂಲಕ ಆಂಟಿಬಯೋಟಿಕ್ ಕೊಟ್ಟರು. ಕೈಯ ನಾಳಗಳು ಸೋತ ಮೇಲೆ ಪಾದಕ್ಕೆ ಸೂಜಿ ಹಾಕಿದರು.

ತೊಟ್ಟಿಯ ನೀರನ್ನು ಪಶುವೈದ್ಯರೊಬ್ಬರ ಮೂಲಕ ಪರೀಕ್ಷೆಗೆ ಕಳುಹಿಸಿದೆವು. ಅದರಲ್ಲೂ ಸಾಲ್ಮೊನೆಲ್ಲಾ ಸಿಕ್ಕಿತು.

ನನ್ನನ್ನು ಹೆಚ್ಚು ಕಾಡಿದ್ದು ಒಂದೇ ವಿಷಯ. ಹಲ್ಲಿ ಮೈಮೇಲೆ ಬಿದ್ದರೆ ತಲೆಗೆ ನೀರು ಹಾಕಿಕೊಂಡು ಪಂಚಾಂಗ ತೆಗೆಯುವ ಮನೆ ನಮ್ಮದು. ಹಾಲಿನ ಪಾತ್ರೆಯ ಬಳಿ ಹಲ್ಲಿ ಸುಳಿದರೂ ಅತ್ತೆ ಹಾಲನ್ನು ಚೆಲ್ಲಿ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಾರೆ. ಹಲ್ಲಿಯಿಂದಲೂ ಸಾಲ್ಮೊನೆಲ್ಲಾ ಬರಬಹುದು, ಆದ್ದರಿಂದ ಆ ಎಚ್ಚರ ಸರಿಯಾದದ್ದೇ. ಆದರೆ ಹಲ್ಲಿಯಂತೆಯೇ ಸರೀಸೃಪವಾದ ಪ್ರಾಣಿಯನ್ನು ಅದೇ ಅಡುಗೆಮನೆಗೆ ಕರೆತಂದು, ಸಿಂಕಿನಲ್ಲಿ ಮೀಯಿಸಿ, ಮಗಳಿಂದ ಮುತ್ತು ಕೊಡಿಸಿದೆವು. ಅದಕ್ಕೊಂದು ಹೆಸರಿಟ್ಟ ಕೂಡಲೇ ನಮ್ಮ ಮನೆಯ ಹಳೆಯ ಎಚ್ಚರವೆಲ್ಲ ಕಳಚಿಬಿದ್ದಿತು.

ಇದು ಹೊಸ ಸಂಗತಿಯೂ ಅಲ್ಲ. ಇದೇ ಜಾತಿಯ ಮರಿಗಳನ್ನು ಅಮೆರಿಕದಲ್ಲಿ ಒಂದು ಕಾಲಕ್ಕೆ ಆಟಿಕೆಗಳ ಹಾಗೆ ಮಾರುತ್ತಿದ್ದರು. ಮಕ್ಕಳು ಸಾಲುಸಾಲಾಗಿ ಕಾಯಿಲೆ ಬಿದ್ದ ಮೇಲೆ 1975ರಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತವು ನಾಲ್ಕು ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನೇ ನಿಷೇಧಿಸಿತು. ನಾಲ್ಕು ಇಂಚು ಏಕೆಂದರೆ, ಅದಕ್ಕಿಂತ ಚಿಕ್ಕದಾದರೆ ಮಗು ಬಾಯಿಗೆ ಹಾಕಿಕೊಳ್ಳುತ್ತದೆ. ಅಷ್ಟಾದರೂ 2007ರಲ್ಲಿ ಫ್ಲಾರಿಡಾದಲ್ಲಿ ಒಂದು ತಿಂಗಳೂ ತುಂಬದ ಶಿಶು ಆಮೆಯಿಂದ ಬಂದ ಸಾಲ್ಮೊನೆಲ್ಲಾಕ್ಕೆ ಬಲಿಯಾಯಿತು. ತಾನಾಗಿ ಕೈಚಾಚಿ ಯಾವುದನ್ನೂ ಹಿಡಿಯಲಾರದ ವಯಸ್ಸು ಅದು. ದೊಡ್ಡವರ ಕೈಯೋ ಬಟ್ಟೆಯೋ ಪಾತ್ರೆಯೋ ಸಾಗಿಸದೆ ಅಂಥ ಶಿಶುವಿನ ಬಾಯಿಗೆ ಬ್ಯಾಕ್ಟೀರಿಯಾ ತಲುಪುವ ದಾರಿಯಿಲ್ಲ. ನಮ್ಮ ಮನೆಯಲ್ಲಿ ಆ ದಾರಿ ಸಿಂಕಾಗಿತ್ತು.

ಹಾಗಾಗಿ ಕೇಳಿಕೊಳ್ಳುತ್ತೇನೆ: ಐದು ವರ್ಷದೊಳಗಿನ ಮಗುವಿರುವ ಮನೆಗೆ ಸರೀಸೃಪ ಬೇಡ. ದೂರ ಇಡುತ್ತೇವೆ, ಮುಟ್ಟಲು ಬಿಡುವುದಿಲ್ಲ ಎಂಬ ಸಮಾಧಾನ ಬೇಡ. ಮಕ್ಕಳು ದೊಡ್ಡವರಾಗಿರುವ ಮನೆಗಳಲ್ಲಿ ಸಾಕುವುದಾದರೆ ಅಡುಗೆಮನೆಯ ಹೊಸ್ತಿಲನ್ನು ಅದು ದಾಟಬಾರದು. ಅದರ ತೊಟ್ಟಿ, ಬಟ್ಟಲು, ಬ್ರಷ್ ಯಾವುದೂ ದಾಟಬಾರದು. ತೊಳೆಯುವುದು ಮನೆಯ ಹೊರಗೆ, ಅದಕ್ಕೆಂದೇ ಇಟ್ಟ ಬಕೆಟ್ಟಿನಲ್ಲಿ, ಕೊಳೆನೀರು ಶೌಚಾಲಯಕ್ಕೆ. ಮುಟ್ಟಿದ ಪ್ರತಿ ಸಲವೂ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಇಪ್ಪತ್ತು ಸೆಕೆಂಡು ಉಜ್ಜಿ, ಉಗುರಿನ ಸಂದಿಯನ್ನೂ ಬಿಡಬೇಡಿ. ಪಾಚಿ, ಕೊಳೆ ಹತ್ತಿದ ಕೈಗೆ ಸ್ಯಾನಿಟೈಸರ್ ಸಾಲದು. ಮುತ್ತು ಬೇಡ, ಕೆನ್ನೆಗೆ ಒತ್ತಿಕೊಳ್ಳುವುದು ಬೇಡ, ಹಾಸಿಗೆಯ ಮೇಲೆ, ನೆಲದ ಮೇಲೆ ಓಡಾಡಲು ಬಿಡುವುದೂ ಬೇಡ. ಹಾವು ಸಾಕಿದವರು ಫ್ರೀಜರಿನಲ್ಲಿಡುವ ಇಲಿಗಳಿಂದಲೂ ಇದೇ ಅಪಾಯವಿದೆ, ಹೆಪ್ಪುಗಟ್ಟಿಸಿದರೆ ಸಾಲ್ಮೊನೆಲ್ಲಾ ಸಾಯುವುದಿಲ್ಲ. ಇನ್ನು ನಕ್ಷತ್ರ ಆಮೆಯನ್ನು ಮನೆಯಲ್ಲಿಟ್ಟುಕೊಳ್ಳುವುದಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ಗುಂಡನನ್ನು ಹತ್ತಿರದ ಕೆರೆಗೆ ಬಿಟ್ಟುಬಿಡಿ ಎಂದು ಅನೇಕರು ಹೇಳಿದರು. ದೇವಸ್ಥಾನದ ಪುಷ್ಕರಿಣಿಗೆ ಬಿಟ್ಟರೆ ಪುಣ್ಯ ಎಂದವರೂ ಇದ್ದರು. ಕೋಪದಲ್ಲಿ ನಾನೂ ಸಿದ್ಧಳಾಗಿದ್ದೆ. ಪಶುವೈದ್ಯರು ತಡೆದರು. ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ಆಮೆಯೂ ಇದೆ. ಊಟದ ತಟ್ಟೆಯಷ್ಟು ದೊಡ್ಡದಾಗಿ, ಇಪ್ಪತ್ತು ಮೂವತ್ತು ವರ್ಷ ಬದುಕಿ, ನಮ್ಮ ಕೆರೆಯ ಆಮೆಗಳ ಆಹಾರವನ್ನೂ ಬಿಸಿಲು ಕಾಯುವ ಜಾಗವನ್ನೂ ಕಸಿದುಕೊಳ್ಳುತ್ತದೆ. ಕೊನೆಗೆ ಅವರ ಪರಿಚಯದ, ಮಕ್ಕಳಿಲ್ಲದ, ಆಮೆಗಳ ಬಗ್ಗೆ ಚೆನ್ನಾಗಿ ತಿಳಿದ ಒಬ್ಬರ ಮನೆಗೆ ಅದನ್ನು ಕೊಟ್ಟೆವು. ಅಂಗಡಿಗೆ ಮರಳಿಸಿದ್ದರೆ ಇನ್ನೊಂದು ಮಗುವಿನ ಹುಟ್ಟುಹಬ್ಬಕ್ಕೆ ಹೋಗುತ್ತಿತ್ತು.

ಇಷ್ಟರಲ್ಲಿ ಯಾವುದನ್ನು ಮರೆತರೂ ಒಂದನ್ನು ನೆನಪಿಟ್ಟುಕೊಳ್ಳಿ. ಮನೆಯಲ್ಲಿ ಆಮೆಯೋ ಓತಿಯೋ ಇದ್ದು ಮಗುವಿಗೆ ಜ್ವರ, ಭೇದಿ ಬಂದರೆ, ವೈದ್ಯರು ಕೇಳುವ ಮೊದಲೇ ಆ ಮಾತನ್ನು ಹೇಳಿ. ನಮ್ಮ "ಇಲ್ಲ" ಎಂಬ ಒಂದು ಉತ್ತರಕ್ಕೆ ಎರಡು ದಿನ ಕಳೆದುಹೋದವು.

ಮಗ ಈಗ ಗೋಡೆ ಹಿಡಿದು ನಡೆಯುತ್ತಾನೆ. ಸಿಂಕನ್ನು ಬ್ಲೀಚಿಂಗ್ ಪೌಡರ್ ಹಾಕಿ ಎಷ್ಟೋ ಸಲ ತಿಕ್ಕಿದ್ದೇನೆ. ಮಗಳು ಮಾತ್ರ ಬಹಳ ದಿನ ತಮ್ಮನ ಹತ್ತಿರ ಬರಲೇ ಇಲ್ಲ. ಒಂದು ರಾತ್ರಿ ಮಲಗುವಾಗ ಕೇಳಿದಳು: "ನಾನು ಗುಂಡನಿಗೆ ಮುತ್ತು ಕೊಟ್ಟಿದ್ದಕ್ಕೆ ತಮ್ಮನಿಗೆ ಹಾಗಾಯಿತೇ ಅಮ್ಮಾ?" ಇಲ್ಲ ಕಂದಾ, ಅಮ್ಮ ತೊಟ್ಟಿಯನ್ನು ತಪ್ಪಾದ ಕಡೆ ತೊಳೆದಳು ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಎದ್ದು ಹೋಗಿ ಸಾಬೂನು ಹಚ್ಚಿ ಕೈ ತೊಳೆದುಕೊಂಡು ಬಂದು, ಮಲಗಿದ್ದ ತಮ್ಮನ ಪಾದವನ್ನು ಮುಟ್ಟಿದಳು.